ಆರಿದ್ರಾ ಮಂಕಾದ ವರ್ಷ

2020ರ ಫೆಬ್ರವರಿ ಮಧ್ಯಭಾಗ. ರಾತ್ರಿ ಎಂಟೂವರೆ ಇರ್ಬೇಕು, ಬೆಂಗಳೂರಲ್ಲಿ ನಮ್ಮ ಬಾಡಿಗೆ ಮನೆ ಟೆರೇಸ್ ಮೇಲೆ ಒಣಗಿದ ಬಟ್ಟೆ ತೆಗೆಯೋಕೆ ಅಂತ ಹೋದವನು ತಲೆ ಎತ್ತಿ ನೋಡ್ದೆ, ನೋಡಿ ಬಟ್ಟೆ ಕೈಯಲ್ಲೇ ಹಿಡ್ಕೊಂಡು ನಿಂತ್ಬಿಟ್ಟೆ. ನೆತ್ತಿ ಮೇಲೆ ಓರಿಯನ್ ಇತ್ತು, ಸ್ಕೂಲ್ ಪುಸ್ತಕದಲ್ಲಿ ಮಹಾವ್ಯಾಧ ಅಂತ ಓದಿದ್ವಲ್ಲ ಅದೇ. ನಡುವಲ್ಲಿ ಸಾಲಾಗಿ ಮೂರು ಚುಕ್ಕಿ, ಕೆಳಗೆ ಎರಡು ಕಾಲು, ಮೇಲೆ ಎರಡು ಭುಜ. ಬೆಂಗಳೂರಿನ ಬೆಳಕಲ್ಲಿ ಬೇರೆ ಏನೂ ಕಾಣ್ದಿದ್ರೂ ಇದೊಂದು ಕಾಣುತ್ತೆ, ಅದಕ್ಕೇ ಇದರ ಮುಖಪರಿಚಯ ನಂಗೆ ಚೆನ್ನಾಗಿದೆ. ಎಡಗಡೆ ಭುಜದ ಚುಕ್ಕಿ ಕೆಂಪಗೆ ದಪ್ಪಗೆ ಇರುತ್ತೆ, ಬಲಗಡೇದು ಬೆಳ್ಳಗೆ ಸಣ್ಣಗೆ. ಇಷ್ಟು ವರ್ಷ ನೋಡಿದ್ರೂ ಅವೆರಡೂ ಸಮ ಅಂತ ಯಾವತ್ತೂ ಅನ್ನಿಸಿರ್ಲಿಲ್ಲ. ಅವತ್ತು ಸಮ ಇದ್ವು.

ಸುದ್ದಿ ಮೊದ್ಲೇ ಗೊತ್ತಿತ್ತು ಅನ್ನೋದು ನಿಜ. ಡಿಸೆಂಬರ್‌ನಿಂದಾನೇ ವಾಟ್ಸಾಪಲ್ಲಿ ಓಡಾಡ್ತಿತ್ತು, ಬೀಟಲ್‌ಜ್ಯೂಸ್ ಅನ್ನೋ ನಕ್ಷತ್ರ ಮಂಕಾಗ್ತಿದೆ, ಇನ್ನೇನು ಸಿಡಿಯುತ್ತೆ, ಭೂಮಿ ಕಥೆ ಅಷ್ಟೇ ಅಂತ. ಓದಿ ಪಕ್ಕಕ್ಕಿಟ್ಟಿದ್ದೆ. ಆದ್ರೆ ಓದೋದು ಬೇರೆ, ನಿಮ್ಮ ಟೆರೇಸ್ ಮೇಲೆ ನಿಂತು ನಿಮ್ಮ ಕಣ್ಣಲ್ಲೇ ನೋಡೋದು ಬೇರೆ. ಊರಿಂದ ಬಂದ ಅಮ್ಮನ ಮುಖ ನೋಡಿದ ತಕ್ಷಣ ಇವಳಿಗೆ ಏನೋ ಆಗಿದೆ ಅಂತ ಗೊತ್ತಾಗುತ್ತಲ್ಲ, ಯಾರೂ ಹೇಳ್ದೆ, ಥರ್ಮಾಮೀಟರ್ ಇಡ್ದೆ, ಹಂಗೆ ಗೊತ್ತಾಯ್ತು. ಆಕಾಶದಲ್ಲಿ ಯಾವುದು ಬದಲಾದ್ರೂ ನಕ್ಷತ್ರ ಬದಲಾಗಲ್ಲ ಅಂತ ಎಲ್ಲೋ ಒಳಗೆ ನಂಬ್ಕೊಂಡಿದ್ದೆ ಅನ್ನೋದೂ ಅವತ್ತೇ ಗೊತ್ತಾಗಿದ್ದು.

ಬಟ್ಟೆ ಮಡಚ್ತಾ ಇನ್ನೊಂದು ನೆನಪಾಯ್ತು. ಬೀಟಲ್‌ಜ್ಯೂಸ್ ಅಂದ್ರೆ ನಮ್ಮ ಆರ್ದ್ರಾ ನಕ್ಷತ್ರ. ಆರ್ದ್ರಾ ಅಂದ್ರೆ ನಮ್ಮೂರ ಬಾಯಲ್ಲಿ ಆರಿದ್ರಾ. ಆರಿದ್ರಾ ಅಂದ ತಕ್ಷಣ ನಂಗೆ ತಾತ ನೆನಪಾಗ್ತಾರೆ, ಕಣ ನೆನಪಾಗುತ್ತೆ, ಉತ್ತರ ಸಿಗದೆ ಉಳಿದ ಒಂದು ಪ್ರಶ್ನೆ ನೆನಪಾಗುತ್ತೆ.

ಕಣದ ಮೇಲೆ

ನಮ್ಮೂರು ತುಮಕೂರು ಜಿಲ್ಲೆ ಗುಬ್ಬಿ ಕಡೆ. ಆಗೆಲ್ಲ ರಾಗಿ ಒಕ್ಕಣೆ ಸಂಕ್ರಾಂತಿ ಹಿಂದೆಮುಂದೆ ಕಣದಲ್ಲೇ ಆಗ್ತಿತ್ತು, ರೋಣಗಲ್ಲು ಕಟ್ಟಿ ಎತ್ತು ಸುತ್ತಿಸ್ತಿದ್ರು. ಸಗಣಿ ಬಗ್ಗಡ ಸಾರಿಸಿ ಗಟ್ಟಿ ಮಾಡಿದ ಕಣ, ಒಂದು ಮೂಲೇಲಿ ರಾಗಿ ಮೆದೆ, ನಡುವೆ ತೂರಿ ಗುಡ್ಡೆ ಮಾಡಿದ ರಾಶಿ. ರಾಶಿ ಮನೆ ಸೇರೋವರೆಗೂ ರಾತ್ರಿ ಯಾರಾದ್ರೂ ಕಾಯ್ಬೇಕು. ತಾತ ಕಂಬಳಿ ಹೊದ್ದು ಅಲ್ಲೇ ಮಲಗೋರು, ರಜ ಇದ್ದಾಗ ನಾನೂ ಹಠ ಮಾಡಿ ಹೋಗ್ತಿದ್ದೆ. ಕೆಳಗೆ ರಾಗಿ ಹುಲ್ಲು, ಮೇಲೆ ಕಂಬಳಿ, ಮೂಗಿಗೆ ಹೊಟ್ಟಿನ ಧೂಳು, ಕಿವಿಗೆ ಚಳಿ. ಕರೆಂಟ್ ಊರಿಗೆ ಬಂದಿದ್ರೂ ಕಣಕ್ಕೆ ಬಂದಿರ್ಲಿಲ್ಲ, ಹಂಗಾಗಿ ಆಕಾಶ ಪೂರ್ತಿ ನಮ್ದೇ.

ತಾತನಿಗೆ ವಾಚ್ ಇರ್ಲಿಲ್ಲ. ನಡುವಿನ ಮೂರು ಚುಕ್ಕಿ ತೋರಿಸಿ, "ಅವು ನೆತ್ತಿ ಮ್ಯಾಲೆ ಬಂದವೆ ನೋಡು, ಊರು ಮಲಗೋ ಹೊತ್ತು. ಅವು ಪಡುವ್ಲಿಗೆ ಇಳಿದ್ವು ಅಂದ್ರೆ ಎದ್ದು ಎತ್ತಿಗೆ ಹುಲ್ಲು ಹಾಕ್ಬೋದು" ಅನ್ನೋರು. ಈಗ ಲೆಕ್ಕ ಹಾಕಿ ನೋಡಿದ್ರೆ ಸರಿಯಾಗೇ ಇದೆ, ಜನವರಿ ಮಧ್ಯದಲ್ಲಿ ಓರಿಯನ್ ರಾತ್ರಿ ಹತ್ತರ ಸುಮಾರಿಗೆ ನೆತ್ತಿಗೆ ಬರುತ್ತೆ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮುಳುಗುತ್ತೆ.

ಅದೇ ತಾತನಿಗೆ ಮಳೆ ನಕ್ಷತ್ರ ಎಲ್ಲಾ ಬಾಯಿಪಾಠ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ, ಹಿಂಗೆ. ಒಂದೊಂದಕ್ಕೂ ಒಂದೊಂದು ಮಾತು. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ. ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ. ಈ ಕೊನೇ ಮಾತು ಹೇಳೋವಾಗ ಮಾತ್ರ ಅವರ ದನಿ ಸ್ವಲ್ಪ ಇಳಿಯೋದು, ಯಾಕಂದ್ರೆ ಅದು ಗಾದೆಯಾಗಿ ಉಳಿದಿರ್ಲಿಲ್ಲ ಅವರಿಗೆ, ಆ ಮಳೆ ಕೈಕೊಟ್ಟ ವರ್ಷಗಳನ್ನ ಅನುಭವಿಸಿದ್ದೋರು.

ಒಂದು ರಾತ್ರಿ, ನಂಗೆ ಎಂಟೋ ಒಂಬತ್ತೋ ವಯಸ್ಸು, ಕೇಳ್ದೆ. "ತಾತ, ಇದರಲ್ಲಿ ಆರಿದ್ರಾ ಯಾವ್ದು?" ತಾತ ಸುಮ್ನಾದ್ರು. ಆಮೇಲೆ, "ಅದು ಮಳೆ ಕಣ್ಲಾ ಮಗ, ಇಲ್ಲಿ ಹೆಂಗೆ ಕಾಣ್ತದೆ" ಅಂದ್ರು. ನಮ್ಮಿಬ್ಬರ ನೆತ್ತಿ ಮೇಲೆ, ಆ ಮೂರು ಚುಕ್ಕಿಗೆ ಒಂದು ಮಾರು ದೂರದಲ್ಲಿ, ಆರಿದ್ರಾ ಕೆಂಡದ ಥರ ಉರೀತಿತ್ತು. ಅದು ತಾತನಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಎಷ್ಟೋ ವರ್ಷದ ಮೇಲೆ ಕಾಲೇಜ್ ಲೈಬ್ರರೀಲಿ ಒಂದು ನಕ್ಷತ್ರ ಪಟ ನೋಡ್ತಾ ಗೊತ್ತಾದಾಗ ತಾತ ಇರ್ಲಿಲ್ಲ. ಈ ವಿಷಯ ಯಾಕೋ ಬಿಡದೆ ಕಾಡುತ್ತೆ. ಜೀವಮಾನ ಪೂರ್ತಿ ಒಂದು ಹೆಸರಿಗೆ ಕಾದ ಮನುಷ್ಯ, ಆ ಹೆಸರಿನ ಚುಕ್ಕಿ ಕೆಳಗೇ ಮಲಗಿದ್ದು, ಅದನ್ನ ಗುರುತು ಹಿಡೀದೆ ಹೋಗಿಬಿಟ್ರು.

ಮಳೆ ಇದ್ದಾಗ ಚುಕ್ಕಿ ಇರಲ್ಲ

ತಾತ ಹೇಳಿದ್ದು ತಪ್ಪು ಅಂತ ಬಹಳ ದಿನ ಅನ್ಕೊಂಡಿದ್ದೆ. ಆಮೇಲೆ ಯೋಚನೆ ಮಾಡ್ತಾ ಮಾಡ್ತಾ ಅದರಲ್ಲಿ ಒಂದು ನಿಜ ಇದೆ ಅನ್ನಿಸ್ತು. ಆರಿದ್ರಾ ಮಳೆ ಅಂದ್ರೆ ಏನು? ಸೂರ್ಯ ಆರ್ದ್ರಾ ನಕ್ಷತ್ರದಲ್ಲಿ ಇರೋ ಹದಿಮೂರು ಹದಿನಾಲ್ಕು ದಿನ, ಈಗಿನ ಲೆಕ್ಕದಲ್ಲಿ ಜೂನ್ 21-22ರಿಂದ ಜುಲೈ ಮೊದಲ ವಾರದವರೆಗೆ. ಸೂರ್ಯ ಆ ಕಡೆ ಇದ್ದಾನೆ ಅಂದ್ಮೇಲೆ ಆ ಕಡೆಯ ಚುಕ್ಕಿಗಳೆಲ್ಲ ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗ್ತವೆ. ಅಂದ್ರೆ ಆರಿದ್ರಾ ಮಳೆ ಸುರಿಯೋ ಕಾಲದಲ್ಲಿ ಮೋಡ ಇಲ್ದಿದ್ರೂ ಆರಿದ್ರಾ ಚುಕ್ಕಿ ರಾತ್ರಿ ಆಕಾಶದಲ್ಲಿ ಕಾಣೋದೇ ಇಲ್ಲ. ಆರಿದ್ರಾ ಚುಕ್ಕಿ ನೆತ್ತಿ ಮೇಲೆ ಉರಿಯೋ ಕಾಲದಲ್ಲಿ ಮಳೆ ಇರಲ್ಲ, ಒಕ್ಕಣೆ ಇರುತ್ತೆ. ಮಳೆಗೆ ಕಾಯೋ ರೈತನಿಗೆ ಆ ಎರಡನ್ನ ಒಟ್ಟಿಗೆ ನೋಡೋ ಅವಕಾಶಾನೇ ಇಲ್ಲ. ಪಂಚಾಂಗದ ನಕ್ಷತ್ರ ಅಂದ್ರೂ ಒಂದು ಚುಕ್ಕಿ ಅಲ್ಲ, ಸೂರ್ಯ ಹೋಗೋ ದಾರೀನ 27 ಪಾಲು ಮಾಡಿ ಒಂದೊಂದು ಪಾಲಿಗೆ ಹತ್ತಿರದ ಚುಕ್ಕಿ ಹೆಸರಿಟ್ಟಿದ್ದು. ತಾತನಿಗೆ ಪಾಲು ಗೊತ್ತಿತ್ತು, ಚುಕ್ಕಿ ಅಲ್ಲ.

ಆರ್ದ್ರ ಅಂದ್ರೆ ಸಂಸ್ಕೃತದಲ್ಲಿ ಒದ್ದೆ, ತೇವ. ಕೆಂಡದಂಥ ಚುಕ್ಕಿಗೆ ಒದ್ದೆ ಅಂತ ಹೆಸರು. ಅದರ ದೇವತೆ ರುದ್ರ. ಬೆಂಕಿ ನೀರು ಎರಡನ್ನೂ ಒಂದೇ ಹೆಸರಲ್ಲಿ ಇಟ್ಟವರು ಯಾರೋ, ಅವರು ಚುಕ್ಕಿ ನೋಡಿದ್ರು, ಮಳೇನೂ ನೋಡಿದ್ರು ಅಂತ ನಂಗೆ ಅನ್ಸುತ್ತೆ.

ಇನ್ನೊಂದು ವಿಚಿತ್ರ ಇದೆ ಇದರಲ್ಲಿ, ಇದು ತಿಳಿದಾಗ ನಂಗೆ ನಿಜವಾಗ್ಲೂ ತಲೆ ತಿರುಗ್ತು. ಈ ಮಳೆ ನಕ್ಷತ್ರಗಳು ಒಂದು ಕಡೆ ನಿಂತಿಲ್ಲ, ಜಾರ್ತಾ ಇವೆ. ಭೂಮಿ ಬುಗುರಿ ಥರ, ಬುಗುರಿ ವೇಗ ಕಮ್ಮಿ ಆದಾಗ ಅದರ ಮೊಳೆ ನೆಲದಲ್ಲಿದ್ರೂ ತಲೆ ನಿಧಾನಕ್ಕೆ ಸುತ್ತು ಹಾಕುತ್ತಲ್ಲ, ಹಂಗೆ ಭೂಮಿ ಅಕ್ಷ ಒಂದು ಸುತ್ತು ಹಾಕೋಕೆ ಸುಮಾರು 25,800 ವರ್ಷ. ಇದರಿಂದ ಋತುಗಳ ವರ್ಷಕ್ಕೂ ನಕ್ಷತ್ರಗಳ ವರ್ಷಕ್ಕೂ 20 ನಿಮಿಷದ ವ್ಯತ್ಯಾಸ. ಇಪ್ಪತ್ತು ನಿಮಿಷ ಯಾವ ಲೆಕ್ಕ ಅನ್ಬೋದು, ಆದ್ರೆ ಸೇರ್ತಾ ಹೋಗಿ ಎಪ್ಪತ್ತು ವರ್ಷಕ್ಕೆ ಒಂದು ದಿನ ಆಗುತ್ತೆ. ಆರನೇ ಶತಮಾನದ ವರಾಹಮಿಹಿರ ಇದನ್ನ ಬರೆದಿಟ್ಟಿದ್ದಾನೆ, ಹಿಂದೆ ಆಶ್ಲೇಷದ ನಡುವೆ ಆಗ್ತಿದ್ದ ದಕ್ಷಿಣಾಯನ ಈಗ ಕರ್ಕಾಟಕದ ಶುರುವಲ್ಲಿ ಆಗ್ತಿದೆ ಅಂತ. ಕರ್ಕಾಟಕದ ಶುರು ಅಂದ್ರೆ ಪುನರ್ವಸು ಕೊನೇ ಪಾದ. ಈಗ? ಸೂರ್ಯ ಉತ್ತರದ ತುದಿ ಮುಟ್ಟಿ ವಾಪಸ್ ತಿರುಗೋ ಜೂನ್ 21, ಅದೇ ಹೊತ್ತಿಗೆ ಆರಿದ್ರಾ ಶುರು. ಆಶ್ಲೇಷ, ಪುನರ್ವಸು, ಆರಿದ್ರಾ, ಹಿಂದಕ್ಕೆ ಹಿಂದಕ್ಕೆ ಜಾರ್ತಾ ಬಂದಿದೆ. ವರಾಹಮಿಹಿರನ ಕಾಲದಲ್ಲಿ ಆರಿದ್ರಾ ಪಾಲು ಋತು ಲೆಕ್ಕಕ್ಕೆ ಮೂರು ವಾರಕ್ಕೂ ಮೊದ್ಲೇ, ನಮ್ಮ ಮೇ ಕೊನೆಗೆ ಸಮ ಆಗೋ ಹೊತ್ತಿಗೆ ಬರ್ತಿತ್ತು.

"ಮೊದ್ಲಿನ ಹಂಗೆ ಮಳೆ ನಕ್ಷತ್ರಕ್ಕೆ ಸರಿಯಾಗಿ ಬೀಳಲ್ಲ" ಅಂತ ಊರಲ್ಲಿ ಎಲ್ಲ ವಯಸ್ಸಾದೋರೂ ಹೇಳ್ತಾರೆ. ಅದಕ್ಕೆ ಕಾರಣ ಈ ಜಾರಾಟ ಅಂತ ಯಾರೂ ತಿಳ್ಕೊಬೇಡಿ, ಒಬ್ಬರ ಜೀವಮಾನದಲ್ಲಿ ಜಾರೋದು ಒಂದೇ ಒಂದು ದಿನ. ಮಳೆ ಹೆಚ್ಚುಕಮ್ಮಿ ಆಗೋಕೆ ಬೇರೆ ಕಾರಣಗಳಿವೆ. ಆದ್ರೆ ಗಾದೆಗಳನ್ನ ಕಟ್ಟಿದವರು ತಮ್ಮ ಕಾಲದ ಆಕಾಶಕ್ಕೂ ತಮ್ಮ ಕಾಲದ ಮಳೆಗೂ ಹೊಂದಿಸಿ ಕಟ್ಟಿದ್ರು, ಅವು ಶಾಶ್ವತ ಅಲ್ಲ ಅನ್ನೋದು ಮಾತ್ರ ನಿಜ.

ಎಸರು ಕುದಿಯೋ ಹಂಗೆ

ಸರಿ, 2020ರಲ್ಲಿ ಆರಿದ್ರಾಗೆ ಆಗಿದ್ದೇನು.

ಮೊದ್ಲು ಅದರ ಗಾತ್ರ. ಆರಿದ್ರಾನ ತಂದು ನಮ್ಮ ಸೂರ್ಯನ ಜಾಗದಲ್ಲಿ ಇಟ್ರೆ ಬುಧ, ಶುಕ್ರ, ಭೂಮಿ, ಮಂಗಳ ಎಲ್ಲಾ ಅದರ ಹೊಟ್ಟೆಯೊಳಗೆ. ಅದರ ಅಂಚು ಮಂಗಳನ್ನೂ ದಾಟಿ ಕ್ಷುದ್ರಗ್ರಹಗಳ ಪಟ್ಟಿವರೆಗೆ ಹೋಗುತ್ತೆ. ಸೂರ್ಯನಿಗಿಂತ 700 ಪಟ್ಟಿಗೂ ಮೇಲೆ ಅಗಲ. ಆದ್ರೆ ತೂಕ ಸೂರ್ಯನ ಹದಿನೈದು ಇಪ್ಪತ್ತು ಪಟ್ಟು ಅಷ್ಟೇ. ಅಷ್ಟೇ ಸಾಮಾನು ಅಷ್ಟು ದೊಡ್ಡ ಜಾಗದಲ್ಲಿ ಹರಡಿದೆ ಅಂದ್ರೆ ಅದರ ಹೊರಮೈ ಎಷ್ಟು ತೆಳು ಅಂತ ಯೋಚನೆ ಮಾಡಿ. ನಾವು ಭೂಮಿ ಮೇಲೆ ಉಸಿರಾಡೋ ಗಾಳಿಗಿಂತ ಎಷ್ಟೋ ತೆಳು. ವಯಸ್ಸೂ ಕಮ್ಮಿ, ಒಂದು ಕೋಟಿ ವರ್ಷದ ಆಸುಪಾಸು. ನಮ್ಮ ಸೂರ್ಯನಿಗೆ 460 ಕೋಟಿ. ಭಾರ ಜಾಸ್ತಿ ಇರೋ ನಕ್ಷತ್ರ ಬೇಗ ಬೇಗ ಉರ್ಕೊಂಡು ಬೇಗ ಮುದಿಯಾಗುತ್ತೆ, ಹಂಗಾಗಿ ಸೂರ್ಯನ ಮುಂದೆ ಕೂಸಿನಂಥದ್ದು ಆಗ್ಲೇ ಕೊನೇ ದಿನಗಳಲ್ಲಿದೆ.

ಮುದ್ದೆಗೆ ಎಸರಿಟ್ಟಾಗ ನೋಡಿರ್ತೀರಿ. ಬರೀ ನೀರು ಕುದಿಯೋವಾಗ ಸಣ್ಣ ಸಣ್ಣ ಗುಳ್ಳೆ ಎಲ್ಲಾ ಕಡೆ ಏಳ್ತವೆ. ಒಂದಿಷ್ಟು ಹಿಟ್ಟು ಕದಡಿ ಹಾಕಿದ್ರೆ ಎಸರು ಮಂದ ಆಗಿ ಗುಳ್ಳೆ ಕಮ್ಮಿ ಆಗುತ್ತೆ, ಆದ್ರೆ ಒಂದೊಂದೂ ದೊಡ್ಡದು, ಗುಳುಕ್ ಅಂತ ಎದ್ದು ಒಡೆದ್ರೆ ಕೈಗೆ ಹಾರುತ್ತೆ. ಕಾರಣ ಬೇರೆ, ಆದ್ರೆ ಸೂರ್ಯನಿಗೂ ಆರಿದ್ರಾಗೂ ಇರೋ ವ್ಯತ್ಯಾಸ ನೋಡೋಕೆ ಹಿಂಗೇ. ಸೂರ್ಯನ ಮೈಮೇಲೆ ಸುಮಾರು ಸಾವಿರ ಕಿಲೋಮೀಟರ್ ಅಗಲದ ಲಕ್ಷಾಂತರ ಗುಳ್ಳೆ. ಆರಿದ್ರಾ ಮೈಮೇಲೆ ಕೆಲವೇ ಕೆಲವು, ಒಂದೊಂದೂ ನಕ್ಷತ್ರದ ದೊಡ್ಡ ಪಾಲನ್ನ ಆವರಿಸೋ ಅಂಥವು. ಇದರ ಜೊತೆಗೆ ಅದು ಸುಮಾರು 400 ದಿನಕ್ಕೊಂದು ಸಲ ಉಬ್ಬಿ ತಗ್ಗುತ್ತೆ, ಉಸಿರಾಡೋ ಹಂಗೆ. 2019ರಲ್ಲಿ ಈ ಉಬ್ಬು ಮತ್ತು ಒಂದು ದೊಡ್ಡ ಗುಳ್ಳೆ ಒಟ್ಟಿಗೆ ಬಂದ್ವು. ದಕ್ಷಿಣ ಭಾಗದಿಂದ ಮೈಯ ಒಂದು ತುಂಡೇ ಕಿತ್ಕೊಂಡು ಹೊರಗೆ ಹಾರ್ತು. ಆಂಡ್ರಿಯಾ ಡುಪ್ರೀ ಮತ್ತು ಅವರ ತಂಡ ಹಬಲ್ ಟೆಲಿಸ್ಕೋಪಲ್ಲಿ ನೋಡ್ತಾ ಇದ್ರು, 2019ರ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ಬಿಸಿ ಅನಿಲ ಗಂಟೆಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಹೊರಗೆ ಬರ್ತಿರೋದು ಸಿಕ್ತು. ಹಾರಿದ್ದರ ತೂಕ ನಮ್ಮ ಚಂದ್ರನ ಹಲವು ಪಟ್ಟು. ದೂರ ಹೋಗ್ತಾ ಅದು ತಣ್ಣಗಾಗಿ ಧೂಳಾಯ್ತು, ಧೂಳು ನಮಗೂ ನಕ್ಷತ್ರಕ್ಕೂ ಮಧ್ಯೆ ಅಡ್ಡ ಬಂತು. ಕಿತ್ತುಹೋದ ಜಾಗ ತಾನೂ ತಣ್ಣಗಾಗಿತ್ತು. ಚಿಲಿ ದೇಶದ ವಿಎಲ್‌ಟಿ ಟೆಲಿಸ್ಕೋಪಲ್ಲಿ ಮಿಗೆಲ್ ಮೊಂತಾರ್ಜೆಸ್ ತಂಡ 2019ರ ಜನವರಿಯಲ್ಲಿ ಒಂದು, ಡಿಸೆಂಬರ್‌ನಲ್ಲಿ ಒಂದು ಚಿತ್ರ ತೆಗೆದಿದ್ರು. ಮೊದಲನೇದರಲ್ಲಿ ಚುಕ್ಕಿ ದುಂಡಗೆ ಬೆಳಗ್ತಿದೆ, ಎರಡನೇದರಲ್ಲಿ ಕೆಳಗಿನ ಅರ್ಧಕ್ಕೆ ಮಸಿ ಬಳಿದ ಹಂಗಿದೆ. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಬೆಳಕು ಎಂದಿನ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿದಿತ್ತು. ನಾನು ಬಟ್ಟೆ ಹಿಡ್ಕೊಂಡು ನಿಂತಿದ್ದು ಅದೇ ದಿನಗಳಲ್ಲಿ.

ಇದರಲ್ಲಿ ನಂಗೆ ತುಂಬಾ ಇಷ್ಟವಾದ ಭಾಗ ಇನ್ನೊಂದಿದೆ. ಹಿಮವಾರಿ-8 ಅಂತ ಜಪಾನಿನ ಒಂದು ಹವಾಮಾನ ಉಪಗ್ರಹ, ಕೆಲಸ ಮೋಡ ನೋಡೋದು, ಮಳೆ ಹೇಳೋದು. 36,000 ಕಿಲೋಮೀಟರ್ ಎತ್ತರದಲ್ಲಿ ನಿಂತು ದಿನವಿಡೀ ಭೂಮಿ ಫೋಟೋ ತೆಗೀತಾನೇ ಇರುತ್ತೆ. ಫೋಟೋದಲ್ಲಿ ಭೂಮಿ ದುಂಡಗೆ, ಸುತ್ತ ಅಂಚಲ್ಲಿ ಸ್ವಲ್ಪ ಕಪ್ಪು ಆಕಾಶ. ಆ ಅಂಚಲ್ಲಿ ಆರಿದ್ರಾ ಬರ್ತಾ ಹೋಗ್ತಾ ಇತ್ತು, ಯಾರೂ ಗಮನಿಸಿರ್ಲಿಲ್ಲ. ಟೋಕಿಯೋ ಯೂನಿವರ್ಸಿಟಿಯ ದೈಸುಕೆ ತನಿಗುಚಿ ಮತ್ತು ಜೊತೆಗಾರರು ಹಳೇ ಫೋಟೋಗಳನ್ನೆಲ್ಲ ಹುಡುಕಿ 2017ರಿಂದ 2021ರವರೆಗಿನ ನಾಲ್ಕೂವರೆ ವರ್ಷದ ಲೆಕ್ಕ ತೆಗೆದ್ರು, ಮಂಕಾಗೋಕೆ ಧೂಳೂ ಕಾರಣ, ಮೈ ತಣ್ಣಗಾಗಿದ್ದೂ ಕಾರಣ, ಹೆಚ್ಚುಕಮ್ಮಿ ಸಮಸಮ ಅಂತ 2022ರಲ್ಲಿ ಹೇಳಿದ್ರು. ಮಳೆ ನೋಡೋಕೆ ಕಳಿಸಿದ್ದ ಕಣ್ಣಿಗೆ ಆರಿದ್ರಾ ಸಿಕ್ಕಿತು. ಇದನ್ನ ಓದಿದ ದಿನ ತಾತನಿಗೆ ಹೇಳ್ಬೇಕು ಅನ್ನಿಸಿದ್ದು ನೆನಪಿದೆ.

ಏಪ್ರಿಲ್ ಹೊತ್ತಿಗೆ ಚುಕ್ಕಿ ಸರಿಹೋಯ್ತು. ಲಾಕ್‌ಡೌನ್ ಆಗಿ ರಸ್ತೆ ಖಾಲಿ, ಗಾಳಿ ತಿಳಿ, ಸಂಜೆ ಪಡುವಣದಲ್ಲಿ ಇಳೀತಿದ್ದ ಆರಿದ್ರಾ ಮತ್ತೆ ಕೆಂಪಗೆ ದಪ್ಪಗೆ. ಆದ್ರೆ ಅದರ 400 ದಿನದ ಉಸಿರು ಆ ಪೆಟ್ಟಿನ ಮೇಲೆ ಲಯ ತಪ್ಪಿತು, ಮೊದಲಿನ ಥರ ಕ್ರಮವಾಗಿ ಉಬ್ಬಿ ಇಳಿಯೋದು ನಿಂತುಹೋಯ್ತು.

ನಮಗಿಂತ ಮೊದ್ಲು ನೋಡಿದವರು

ಆರಿದ್ರಾ ಬೆಳಕು ಏರಿಳಿಯುತ್ತೆ ಅಂತ ಯುರೋಪಿನವರಲ್ಲಿ ಮೊದಲು ಗಮನಿಸಿದ್ದು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್, 1836ರಿಂದ ಬರಿಗಣ್ಣಲ್ಲೇ ನೋಡಿ. ಆದ್ರೆ ಆಸ್ಟ್ರೇಲಿಯಾದ ಗ್ರೇಟ್ ವಿಕ್ಟೋರಿಯಾ ಮರುಭೂಮಿಯ ಮೂಲನಿವಾಸಿಗಳ ಕಥೆಯಲ್ಲಿ ಇದು ಹರ್ಷೆಲ್‌ನ ಹಂಗಿಲ್ಲದೆ ಇದೆ. ಅಲ್ಲಿ ಓರಿಯನ್ ಹೆಸರು ನ್ಯೀರುನಾ, ಕೃತ್ತಿಕೆಯ ಅಕ್ಕತಂಗಿಯರ ಹಿಂದೆ ಬಿದ್ದವನು. ಅವರ ದೊಡ್ಡಕ್ಕ ಅಡ್ಡ ನಿಂತು ತಡೀತಾಳೆ. ಅವನ ಬಲಗೈಯಲ್ಲಿ ಬೆಂಕಿ ತುಂಬಿಕೊಳ್ಳುತ್ತೆ, ಅವಳು ಅವಮಾನ ಮಾಡಿದಾಗ ಆ ಬೆಂಕಿ ಆರಿಹೋಗುತ್ತೆ, ಸ್ವಲ್ಪ ಕಾಲ ಆದ್ಮೇಲೆ ಮತ್ತೆ ತುಂಬಿಕೊಳ್ಳುತ್ತೆ. ನಮಗೆ ಎಡಗಡೆ ಕಾಣೋ ಆ ಬಲಗೈಯೇ ಆರಿದ್ರಾ, ಆ ಅಕ್ಕ ನಮ್ಮ ರೋಹಿಣಿ ಇರೋ ಗುಂಪು. ನಮ್ಮ ಕಡೆ ಕಥೆಯಲ್ಲೂ ಇದೇ ಜಾಗದಲ್ಲಿ ಬೇಟೆ ಇದೆ, ಪ್ರಜಾಪತಿ ಜಿಂಕೆಯಾಗಿ ಓಡ್ತಾನೆ, ರುದ್ರ ಬಾಣ ಬಿಡ್ತಾನೆ, ಆ ಮೂರು ಚುಕ್ಕಿಯೇ ಬಾಣ. ಆದ್ರೆ ಬೆಂಕಿ ಆರಿ ಹತ್ತೋ ವಿವರ ಇರೋದು ಆ ಮರುಭೂಮಿ ಕಥೆಯಲ್ಲಿ. ಎಷ್ಟು ತಲೆಮಾರು ಎಷ್ಟು ಗಮನವಿಟ್ಟು ನೋಡಿದ್ರೆ ಅಂಥದ್ದೊಂದು ಸಾಲು ಕಥೆಯೊಳಗೆ ಬರುತ್ತೆ!

ಇನ್ನೂ ಹಿಂದಕ್ಕೆ ಹೋಗಿ. ಎರಡು ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಸಿಮಾ ಚಿಯೆನ್ ಅನ್ನೋ ಇತಿಹಾಸಕಾರ ನಕ್ಷತ್ರದ ಬಣ್ಣ ಬರೀತಾ, ಬಿಳಿ ಅಂದ್ರೆ ಲುಬ್ಧಕ, ಕೆಂಪು ಅಂದ್ರೆ ಜ್ಯೇಷ್ಠಾ, ಹಳದಿ ಅಂದ್ರೆ ಆರಿದ್ರಾ ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಹಳದಿ! ಈಗ ಯಾರು ನೋಡಿದ್ರೂ ಹಳದಿ ಅನ್ನಲ್ಲ. ಜರ್ಮನಿಯ ರಾಲ್ಫ್ ನ್ಯೂಹಾಯ್ಸರ್ ಮತ್ತು ಜೊತೆಗಾರರು ಇಂಥ ಹಳೇ ಬರಹಗಳನ್ನ ಜೋಡಿಸಿ 2022ರಲ್ಲಿ ಹೇಳಿದ್ದು ಇಷ್ಟು: ಈ ಎರಡು ಸಾವಿರ ವರ್ಷದೊಳಗೇ ಆರಿದ್ರಾ ಹಳದಿಯಿಂದ ಕೆಂಪಿಗೆ ತಿರುಗಿದೆ. ನಕ್ಷತ್ರದ ಬದುಕಲ್ಲಿ ಬದಲಾವಣೆ ಅಂದ್ರೆ ಕೋಟಿಗಟ್ಟಲೆ ವರ್ಷ ಅಂತ ಓದ್ಕೊಂಡು ಬಂದವನು ನಾನು. ಮನುಷ್ಯ ಬರೆದಿಟ್ಟ ಕಾಲದೊಳಗೇ ಒಂದು ನಕ್ಷತ್ರ ಬಣ್ಣ ಬದಲಿಸಿದೆ ಅನ್ನೋದು ನಂಗೆ ಸಿಡಿಯೋ ಸುದ್ದಿಗಿಂತ ದೊಡ್ಡದಾಗಿ ಕಾಣುತ್ತೆ.

ಸಿಡಿದ್ರೆ

ಸಿಡಿಯೋ ಮಾತು ಬಂತು. ಸಿಡಿಯೋದು ನಿಜ, ಈಗಲ್ಲ. ಮಂಕಾಗಿದ್ದು ಹೊರಮೈಯ ಗಲಾಟೆ, ಸಿಡಿತ ಹುಟ್ಟೋದು ಒಳಗಿನ ಗರ್ಭದಲ್ಲಿ, ಅಲ್ಲಿ ಇನ್ನೂ ಹೀಲಿಯಂ ಉರೀತಿದೆ ಅಂತ 2020ರಲ್ಲಿ ಮೆರಿಡಿತ್ ಜಾಯ್ಸ್ ತಂಡದ ಲೆಕ್ಕ ಹೇಳ್ತು. ಆ ಲೆಕ್ಕದ ಪ್ರಕಾರ ಇನ್ನೂ ಒಂದು ಲಕ್ಷ ವರ್ಷ ಇದೆ. ಸಿಡಿದಾಗ ಅರ್ಧಚಂದ್ರನಷ್ಟು ಬೆಳಕು ಒಂದು ಚುಕ್ಕಿಯಿಂದ ಬರುತ್ತೆ, ಹಗಲಲ್ಲೂ ಕಾಣುತ್ತೆ, ತಿಂಗಳುಗಟ್ಟಲೆ. ನಮಗೇನೂ ಆಗಲ್ಲ, ಅಷ್ಟು ದೂರ ಇದೆ.

ಎಷ್ಟು ದೂರ ಅನ್ನೋದರಲ್ಲೂ ಒಂದು ಸೋಜಿಗ. 550 ಜ್ಯೋತಿರ್ವರ್ಷ ಅನ್ನೋರಿದ್ದಾರೆ, 700ಕ್ಕೂ ಮೇಲೆ ಅನ್ನೋರಿದ್ದಾರೆ. ಇಷ್ಟು ಹೊಳೆಯೋ ಚುಕ್ಕಿ ದೂರ ಅಳೆಯೋಕೆ ಏನು ಕಷ್ಟ? ಹೆಬ್ಬೆರಳು ಚಾಚಿ ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಆಚೀಚೆ ಜರಗುತ್ತೆ, ಆ ಜರಗಾಟದಿಂದಾನೇ ದೂರ ಲೆಕ್ಕ ಹಾಕೋದು, ಭೂಮಿ ಸೂರ್ಯನ ಆ ಕಡೆ ಈ ಕಡೆ ಇದ್ದಾಗ. ಆದ್ರೆ ಆರಿದ್ರಾ ತಟ್ಟೆ ಎಷ್ಟು ಅಗಲ ಅಂದ್ರೆ, ಅದು ಜರಗೋದಕ್ಕಿಂತ ಅದರ ಅಗಲವೇ ಹಲವು ಪಟ್ಟು ಜಾಸ್ತಿ. ಮೇಲಾಗಿ ಮೈಮೇಲಿನ ಗುಳ್ಳೆಗಳಿಂದ ಬೆಳಕಿನ ನಡುಬಿಂದುವೇ ಅಲ್ಲಾಡ್ತಾ ಇರುತ್ತೆ. ಸೂರ್ಯನನ್ನ ಬಿಟ್ರೆ ಮೊದಲು ಅಗಲ ಅಳೆದ ನಕ್ಷತ್ರ ಇದೇ, 1920ರ ಡಿಸೆಂಬರ್‌ನಲ್ಲಿ ಮೈಕೆಲ್‌ಸನ್ ಮತ್ತು ಪೀಸ್ ಮೌಂಟ್ ವಿಲ್ಸನ್‌ನಲ್ಲಿ ಅಳೆದಿದ್ದು. ಅಗಲ ನೂರು ವರ್ಷದ ಹಿಂದೆಯೇ ಸಿಕ್ತು, ದೂರ ಇವತ್ತಿಗೂ ಗಟ್ಟಿಯಾಗಿ ಸಿಕ್ಕಿಲ್ಲ. ಒಟ್ಟಲ್ಲಿ ನಾವು 2020ರಲ್ಲಿ ನೋಡಿದ ಮಂಕು ನಿಜಕ್ಕೂ ಆಗಿದ್ದು ಹಕ್ಕಬುಕ್ಕರು ವಿಜಯನಗರ ಕಟ್ಟೋಕೆ ಸ್ವಲ್ಪ ಮೊದ್ಲೋ ಅಥವಾ ಅವರಾದ ಮೇಲಿನ ಒಂದು ಶತಮಾನದೊಳಗೋ.

ಸಿಡಿತದ ಮೊದಲ ಸುದ್ದಿ ಬೆಳಕಾಗಿ ಬರಲ್ಲ ಅನ್ನೋದು ಇನ್ನೊಂದು. ಗರ್ಭ ಕುಸಿದ ಕ್ಷಣ ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣಗಳು ಎಲ್ಲಾ ತೂರ್ಕೊಂಡು ಹೊರಗೆ ಬಂದ್ಬಿಡ್ತವೆ, ಬೆಳಕು ಮಾತ್ರ ಸಿಡಿತದ ಅಲೆ ಹೊರಮೈ ಮುಟ್ಟೋವರೆಗೂ ಕಾಯ್ಬೇಕು. 1987ರ ಫೆಬ್ರವರಿ 23ರಂದು ಪಕ್ಕದ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದಾಗ ಜಪಾನಿನ ಬೆಟ್ಟದೊಳಗಿದ್ದ ಕಾಮಿಯೊಕಾಂಡೆ ಡಿಟೆಕ್ಟರ್‌ಗೆ ಬೆಳಕು ಬರೋ ಗಂಟೆಗಳ ಮೊದ್ಲೇ ಹನ್ನೊಂದು ಹನ್ನೆರಡು ನ್ಯೂಟ್ರಿನೋ ಸಿಕ್ಕಿದ್ವು. ಆರಿದ್ರಾ ಇನ್ನೂ ಉಬ್ಬಿರೋದ್ರಿಂದ ಅಂತರ ಇನ್ನೂ ಹೆಚ್ಚಿರುತ್ತೆ. ಆಕಾಶದ ಸುದ್ದಿ ನೆಲದೊಳಗೆ ಮೊದಲು ಸಿಗೋದು ಅಂದಾಗ ನಂಗೆ ನಮ್ಮ ಕೆಜಿಎಫ್ ನೆನಪಾಗುತ್ತೆ. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ಭಾರತ, ಜಪಾನ್, ಬ್ರಿಟನ್‌ನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳ ಗುರುತು ಹಿಡಿದಿದ್ರು, ಜಗತ್ತಲ್ಲೇ ಮೊದಲ ಸಾಲಿನಲ್ಲಿ. ಚಿನ್ನ ತೆಗೀತಿದ್ದ ಸುರಂಗದಲ್ಲಿ ಇದೂ ಸಿಕ್ಕಿತ್ತು ಅಂತ ಕೋಲಾರದ ಮಕ್ಕಳಿಗೆ ಪಾಠದಲ್ಲಿ ಹೇಳ್ಬೇಕು. ಗಣಿ 2001ರಲ್ಲಿ ಮುಚ್ಚಿತು.

ನೋಟ್‌ಬುಕ್

ಅವತ್ತಿಂದ ನಾನು ಒಂದು ನೋಟ್‌ಬುಕ್ ಇಟ್ಟಿದ್ದೀನಿ. ಮಾಡೋದು ಏನೂ ದೊಡ್ಡದಲ್ಲ, ಯಾರು ಬೇಕಾದ್ರೂ ಮಾಡ್ಬೋದು. ಆರಿದ್ರಾಗಿಂತ ಸ್ವಲ್ಪ ಜಾಸ್ತಿ ಹೊಳೆಯೋ ಒಂದು ಚುಕ್ಕಿ, ಸ್ವಲ್ಪ ಕಮ್ಮಿ ಹೊಳೆಯೋ ಒಂದು ಚುಕ್ಕಿ ಹುಡುಕ್ಬೇಕು. ನಂಗೆ ಪ್ರೋಸಿಯಾನ್ ಮತ್ತು ರೋಹಿಣಿ ಸರಿಹೋಗ್ತವೆ. ಪ್ರೋಸಿಯಾನ್ 0.3, ರೋಹಿಣಿ 0.9, ಈ ಲೆಕ್ಕದಲ್ಲಿ ಅಂಕಿ ಜಾಸ್ತಿ ಆದಷ್ಟು ಚುಕ್ಕಿ ಮಂಕು. ಆ ಎರಡರ ನಡುವೆ ಆರಿದ್ರಾ ಎಲ್ಲಿ ಕೂರುತ್ತೆ ಅಂತ ಅಂದಾಜು ಮಾಡಿ ಬರಿಯೋದು. ಮಾಮೂಲಿ ದಿನ 0.5ರ ಸುತ್ತಮುತ್ತ. ಒಂದು ಎಚ್ಚರಿಕೆ ಏನಂದ್ರೆ ಕೆಂಪು ಚುಕ್ಕೀನ ದಿಟ್ಟಿಸಿ ನೋಡ್ಬಾರ್ದು, ನೋಡ್ತಾ ಇದ್ದಷ್ಟೂ ಅದು ಜಾಸ್ತಿ ಹೊಳೆದ ಹಂಗೆ ಕಣ್ಣಿಗೆ ಅನ್ಸುತ್ತೆ. ಕಣ್ಣು ಹಾಯಿಸಿ ತೆಗೀಬೇಕು, ಇದನ್ನೊಮ್ಮೆ ಅದನ್ನೊಮ್ಮೆ. ಇನ್ನೊಂದು, ಮೂರೂ ಸಾಕಷ್ಟು ಎತ್ತರದಲ್ಲಿ ಇರ್ಬೇಕು, ಯಾವುದಾದ್ರೂ ಒಂದು ಬಾನಂಚಿಗೆ ಇಳಿದಿದ್ರೆ ಗಾಳಿ ಧೂಳು ಅದರ ಬೆಳಕು ತಿನ್ನುತ್ತೆ. ಮೊದಮೊದಲು ನನ್ನ ಅಂಕಿ ಎತ್ತೆತ್ತಲೋ ಇರ್ತಿತ್ತು, ಒಂದು ಚಳಿಗಾಲ ಕಳೆದ್ಮೇಲೆ ಕಣ್ಣು ಪಳಗ್ತು.

2025ರ ಜುಲೈಯಲ್ಲಿ ಇನ್ನೊಂದು ಸುದ್ದಿ ಬಂತು. ಆರಿದ್ರಾಗೆ 400 ದಿನದ ಉಸಿರಲ್ಲದೆ ಸುಮಾರು ಆರು ವರ್ಷದ ಇನ್ನೊಂದು ಏರಿಳಿತ ಇದೆ, ಅದಕ್ಕೆ ಕಾರಣ ಗೊತ್ತಿರ್ಲಿಲ್ಲ. ಹವಾಯಿಯ ಜೆಮಿನಿ ನಾರ್ತ್ ಟೆಲಿಸ್ಕೋಪಲ್ಲಿ ಸ್ಟೀವ್ ಹೋವೆಲ್ ತಂಡಕ್ಕೆ ಅದರ ಪಕ್ಕದಲ್ಲೇ ಒಂದು ಪುಟ್ಟ ಸಂಗಾತಿ ಚುಕ್ಕಿಯ ಸುಳಿವು ಸಿಕ್ಕಿದೆ. ದೊಡ್ಡದರ ಬೆಳಕಲ್ಲಿ ಮುಚ್ಚಿಹೋಗುವಷ್ಟು ಮಂಕು, ಅದರ ಹೊರ ವಾತಾವರಣದ ಒಳಗೇ ಸುತ್ತುತ್ತಿದೆ. ಸಿವಾರ್ಹಾ ಅಂತ ಹೆಸರು, ಅರಬಿಯಲ್ಲಿ ಅವಳ ಬಳೆ ಅಂತ ಅರ್ಥ. ನನ್ನ ನೋಟ್‌ಬುಕ್ಕಿಗೆ ಇನ್ನೂ ಆರು ವರ್ಷ ತುಂಬಿರ್ಲಿಲ್ಲ ಆ ಸುದ್ದಿ ಓದಿದಾಗ, ಒಂದು ಸುತ್ತು ಪೂರ್ತಿ ಆಗೋವರೆಗೂ ಬರೀಬೇಕು ಅಂತ ಅವತ್ತೇ ಅನ್ಕೊಂಡೆ.

ನೋಟ್‌ಬುಕ್ಕಲ್ಲಿ ಪ್ರತೀ ವರ್ಷ ಮೇ ಮಧ್ಯದಿಂದ ಜುಲೈ ಕೊನೆವರೆಗೂ ಖಾಲಿ. ಸೂರ್ಯ ಆ ಕಡೆ ಇರ್ತಾನೆ, ಚುಕ್ಕಿ ಕಾಣಲ್ಲ. 2020ರಲ್ಲಿ ಮಾತ್ರ ಸೂರ್ಯನನ್ನ ನೋಡೋಕೆ ಅಂತ ಬಿಟ್ಟಿರೋ ಸ್ಟೀರಿಯೋ ನೌಕೆ, ಭೂಮಿಯಿಂದ ದೂರ ಪಕ್ಕಕ್ಕೆ ಇದ್ದಿದ್ರಿಂದ, ಜೂನ್ ಕೊನೆಯಿಂದ ಆಗಸ್ಟ್ ಮೊದಲವರೆಗೆ ಆರಿದ್ರಾನ ನೋಡ್ತು, ಮತ್ತೆ ಸ್ವಲ್ಪ ಮಂಕಾಗಿರೋದು ಗೊತ್ತಾಯ್ತು. ನಮ್ಮಲ್ಲಿ ಆರಿದ್ರಾ ಮಳೆ ನಡೀತಿದ್ದಾಗ ಆರಿದ್ರಾ ಚುಕ್ಕೀನ ಒಂದು ಕಣ್ಣು ನೋಡ್ತಾ ಇತ್ತು. ನಂಗೆ ಆ ನೌಕೆ ಇಲ್ಲ. ಹಂಗಾಗಿ ಖಾಲಿ ಬಿಡ್ತಿದ್ದ ಜಾಗದಲ್ಲಿ ಈಗ ಮಳೆ ಬರೀತೀನಿ. ಜೂನ್ 22 ದಾಟಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಊರಿಗೆ ಚಿಕ್ಕಪ್ಪನಿಗೆ ಫೋನ್ ಮಾಡಿ, "ಚಿಕ್ಕಪ್ಪ, ಆರಿದ್ರಾ ಹೆಂಗೈತೆ?" ಅಂತ ಕೇಳ್ತೀನಿ. "ಹದ ಆಗೈತೆ ಕಣಪ್ಪ, ನಾಳೆ ನೇಗ್ಲು ಕಟ್ತೀವಿ" ಅಂದ್ರೆ ಅದನ್ನ ಬರ್ಕೊತೀನಿ. "ಮೋಡ ಬತ್ತದೆ, ಹೋಯ್ತದೆ" ಅಂದ್ರೆ ಅದನ್ನೂ ಬರ್ಕೊತೀನಿ, ತಾರೀಖು ಹಾಕಿ, ಚುಕ್ಕಿಯ ಅಂಕಿ ಬರೆಯೋ ಅದೇ ಕಾಲಮ್ಮಲ್ಲಿ.